ಎಲೆ ಉದುರುವ ಕಾಲ, ದುಡಿಯುವವರ ದಣಿವು

(ಕನ್ನಡ ಕೂಟದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ಶಿಕಾಗೊದಲ್ಲಿ ಏರ್ಪಟ್ಟಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಹೋಳಿಗೆ ಊಟವಾದ ಮೇಲೆ, ನಾಟಕಕ್ಕೆ ಮುಂಚೆ ನನ್ನ ಮಾತನ್ನು ಇಟ್ಟಿದ್ದಾರೆ. ದಣಿವಿನ ಬಗ್ಗೆ ಮಾತನಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಯಾರಾದರೂ ತೂಕಡಿಸಿದರೆ ನನಗೆ ಬೇಸರವಿಲ್ಲ, ವಿಷಯಕ್ಕೊಂದು ಉದಾಹರಣೆ ಸಿಕ್ಕಿತೆಂದು ತಿಳಿದುಕೊಳ್ಳುತ್ತೇನೆ.

ನಾನು ವೈದ್ಯನಲ್ಲ, ಮನಃಶಾಸ್ತ್ರ ಓದಿದವನೂ ಅಲ್ಲ. ಎಂಜಿನಿಯರಾಗಿ ಮೊದಲು ಡೆಟ್ರಾಯಿಟ್ ಸುತ್ತಮುತ್ತ, ಆಮೇಲೆ ಈ ಶಿಕಾಗೊ ಉಪನಗರಗಳಲ್ಲಿ ಕೆಲಸ ಮಾಡಿ, ಐದಾರು ಜನರಿಂದ ಹತ್ತು ಹನ್ನೆರಡು ಜನರವರೆಗಿನ ಸಣ್ಣ ತಂಡಗಳನ್ನು ನಡೆಸಿದವನು. ಅದರಲ್ಲಿ ಮಾಡಿದ ತಪ್ಪುಗಳೇ ಇಂದು ಇಲ್ಲಿ ನಿಂತು ಮಾತನಾಡಲು ನನಗಿರುವ ಅರ್ಹತೆ.

ಮೊನ್ನೆ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಾರಿಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ ಹೂವು. ಮಂಗಳಾರತಿ ಇನ್ನೂ ಮುಗಿದಿರಲಿಲ್ಲ, ಲ್ಯಾಪ್‌ಟಾಪ್ ‘ಟಿಣ್’ ಎಂದಿತು. ಹೂವು ತೆಗೆದಿಟ್ಟು, ಕುಂಕುಮ ಒರೆಸಿ, ಮೀಟಿಂಗಿಗೆ ಕುಳಿತೆ. ಕುಳಿತ ಮೇಲೆ ನಮ್ಮಜ್ಜಿ ನೆನಪಾದರು. ಊರಿನಲ್ಲಿ ಅಂದು ನೇಗಿಲು, ಕುಡುಗೋಲು, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಪೂಜೆಗಿಟ್ಟರೆ ಮಾರನೆಯ ದಿನದವರೆಗೆ ಮುಟ್ಟುವ ಹಾಗಿರಲಿಲ್ಲ. ಅಜ್ಜಿ ತಮ್ಮ ಈಳಿಗೆಮಣೆಯನ್ನೂ ಪೂಜೆಗೆ ಇಡುತ್ತಿದ್ದರು. ಆದ್ದರಿಂದ ಅಡುಗೆಯ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಿದ್ದರು. ಈಳಿಗೆಮಣೆಗೂ ಒಂದು ದಿನ ಬಿಡುವು ಸಿಗಬೇಕಾದರೆ ಅದಕ್ಕೆ ಮುಂಚಿನ ದಿನ ಯೋಚನೆ ಮಾಡಿ ಸಿದ್ಧತೆ ಮಾಡಬೇಕು ಎನ್ನುವುದು ಆಕೆಗೆ ಗೊತ್ತಿತ್ತು. ಇಷ್ಟು ವರ್ಷ ತಂಡ ನಡೆಸಿದ ನನಗೆ ಅದು ತಡವಾಗಿ ಗೊತ್ತಾಯಿತು.

ನಾನಿಂದು ಹೇಳಬೇಕೆಂದಿರುವುದು ಇಷ್ಟೇ. ಕೆಲಸದಲ್ಲಿ ಜನ ಬತ್ತಿಹೋಗುವುದು ಅವರ ಮನಸ್ಸಿನ ದೌರ್ಬಲ್ಯದಿಂದ ಎಂದು ನಾವು ತಿಳಿದುಕೊಂಡಿದ್ದೇವೆ. ಬಹುಪಾಲು ಅದು ಕೆಲಸವನ್ನು ಹಂಚಿರುವ ರೀತಿಯಿಂದ ಬರುತ್ತದೆ. ಹಾಗಾಗಿ ಅದರ ಪರಿಹಾರವೂ ಒಬ್ಬೊಬ್ಬರ ಕೈಯಲ್ಲಿಲ್ಲ, ತಂಡದ ಕೈಯಲ್ಲಿದೆ. ಅದರಲ್ಲೂ ಈ ಊರುಗಳಲ್ಲಿ, ಈ ‘ಫಾಲ್’ ಎನ್ನುವ ಋತುವಿನಲ್ಲಿ, ಆ ಪರಿಹಾರವನ್ನು ಮುಂಚಿತವಾಗಿಯೇ ಮಾಡಿಕೊಳ್ಳಬೇಕು.

‘ಬರ್ನ್‌ಔಟ್’ ಎಂಬ ಮಾತನ್ನು ಈ ಅರ್ಥದಲ್ಲಿ ವೈದ್ಯಕೀಯ ಬರಹಕ್ಕೆ ತಂದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞರು, 1974ರಲ್ಲಿ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ದುಡಿಯಲು ಬಂದವರು ಕ್ರಮೇಣ ಬರಿದಾಗುವುದನ್ನು ಅವರು ಕಂಡಿದ್ದರು, ಸ್ವತಃ ಅನುಭವಿಸಿಯೂ ಇದ್ದರು. ಆಮೇಲೆ ಕ್ಯಾಲಿಫೋರ್ನಿಯಾದ ಕ್ರಿಸ್ಟೀನಾ ಮ್ಯಾಸ್ಲಾಕ್ ಅದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದರು. ಒಂದು, ನಿದ್ದೆ ಮಾಡಿದರೂ ಹೋಗದ ಬಳಲಿಕೆ. ಎರಡು, ಕೆಲಸದ ಬಗ್ಗೆ, ಜೊತೆಗಾರರ ಬಗ್ಗೆ ಒಂದು ಬಗೆಯ ತಾತ್ಸಾರ. ಮೂರು, ‘ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ’ ಎನ್ನುವ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ಪಟ್ಟಿಯಲ್ಲಿ ಇದನ್ನು ರೋಗವೆಂದು ಸೇರಿಸಲಿಲ್ಲ; ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ಕರೆಯಿತು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, ಎಣ್ಣೆ ಮುಗಿದ ಮೇಲೂ ದೀಪ ಆರುವುದಿಲ್ಲ, ಸ್ವಲ್ಪ ಹೊತ್ತು ಬತ್ತಿಯೇ ಉರಿಯುತ್ತದೆ. ದೂರದಿಂದ ನೋಡುವವರಿಗೆ ಬೆಳಕು ಕಾಣುತ್ತಲೇ ಇರುತ್ತದೆ. ಹತ್ತಿರ ಹೋದವರಿಗೆ ಮಾತ್ರ ಕಮಟು ವಾಸನೆ ಬರುತ್ತದೆ.

ಇನ್ನು ಈ ಋತುವಿನ ವಿಷಯ. ನಾವು ಹುಟ್ಟಿ ಬೆಳೆದ ನಾಡಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಹದಿನೈದು ಗಂಟೆಯಿರುವ ಹಗಲು ಡಿಸೆಂಬರಿಗೆ ಒಂಬತ್ತು ಗಂಟೆಗೆ ಇಳಿಯುತ್ತದೆ. ಅಕ್ಟೋಬರಿನಲ್ಲಿ ದಿನಕ್ಕೆ ಸುಮಾರು ಎರಡೂಮುಕ್ಕಾಲು ನಿಮಿಷ ಬೆಳಕು ಕಳೆದುಹೋಗುತ್ತದೆ. ಶಿಕಾಗೊ ಮತ್ತು ಡೆಟ್ರಾಯಿಟ್ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ಕತ್ತಲೆ ಬೇರೆ ಬೇರೆ ಹೊತ್ತಿನಲ್ಲಿ ಕಾಡುತ್ತದೆ. ಡೆಟ್ರಾಯಿಟ್ ತನ್ನ ಕಾಲವಲಯದ ಪಶ್ಚಿಮದ ಅಂಚಿನಲ್ಲಿದೆ, ಅಕ್ಟೋಬರ್ ಕೊನೆಗೆ ಬೆಳಿಗ್ಗೆ ಎಂಟಾದರೂ ಅಲ್ಲಿ ಸೂರ್ಯ ಕಾಣುವುದಿಲ್ಲ. ಶಿಕಾಗೊ ತನ್ನ ವಲಯದ ಪೂರ್ವದ ಕಡೆಯಿದೆ, ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದೊಡನೆ ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಡೆಟ್ರಾಯಿಟಿನವರು ಕತ್ತಲಲ್ಲಿ ಆಫೀಸಿಗೆ ಹೋಗುತ್ತಾರೆ, ಶಿಕಾಗೊದವರು ಕತ್ತಲಲ್ಲಿ ಮನೆಗೆ ಬರುತ್ತಾರೆ. ಡಿಸೆಂಬರ್ ಹೊತ್ತಿಗೆ ಇಬ್ಬರಿಗೂ ಎರಡೂ ಪ್ರಾಪ್ತಿ.

ಬೆಳಕು ಕಡಿಮೆಯಾದಾಗ ಕೆಲವರಿಗೆ ಮನಸ್ಸು ಕುಗ್ಗುತ್ತದೆ, ನಿದ್ದೆ ಹೆಚ್ಚುತ್ತದೆ, ಅನ್ನ ಸಿಹಿಗಳ ಮೇಲೆ ಆಸೆ ಹೆಚ್ಚುತ್ತದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಇದನ್ನು ಋತುಮಾನದ ಖಿನ್ನತೆ ಎಂದು ವಿವರಿಸಿದರು. ಇದೂ ಬರ್ನ್‌ಔಟೂ ಒಂದೇ ಅಲ್ಲ. ಆದರೆ ಎರಡೂ ಒಂದರ ಮೇಲೊಂದು ಬಂದು ಕೂರುವ ಕಾಲ ಇದು. ಏಕೆಂದರೆ ಬೆಳಕು ಕಡಿಮೆಯಾಗುವ ಈ ತಿಂಗಳುಗಳಲ್ಲೇ ಆಫೀಸಿನ ಕೆಲಸ ಏರುತ್ತದೆ. ವರ್ಷದ ಗುರಿ ಮುಟ್ಟಬೇಕು, ಬರುವ ವರ್ಷದ ಬಜೆಟ್ ಬರೆಯಬೇಕು, ಕೆಲಸಗಾರರ ಮೌಲ್ಯಮಾಪನ ಮುಗಿಸಬೇಕು, ಆರೋಗ್ಯ ವಿಮೆ ಆರಿಸಬೇಕು. ನಮಗಂತೂ ಇದರ ಜೊತೆಗೆ ನವರಾತ್ರಿ, ದೀಪಾವಳಿ, ರಾಜ್ಯೋತ್ಸವ. ಎಲೆ ಉದುರುವುದನ್ನು ನೋಡಲು ಮಿಷಿಗನ್ನಿನ ಉತ್ತರಕ್ಕೆ ಹೋಗೋಣ ಎಂದು ಮಕ್ಕಳಿಗೆ ಮಾತು ಕೊಟ್ಟಿರುತ್ತೇವೆ. ಕೊನೆಗೆ ಮನೆಯ ಮುಂದೆ ಉದುರಿದ ಎಲೆ ಗುಡಿಸಲೂ ಬಿಡುವು ಸಿಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. 2008ರ ಫಾಲ್. ಡೆಟ್ರಾಯಿಟಿನಲ್ಲಿದ್ದವರಿಗೆ ಆ ವರ್ಷವನ್ನು ವಿವರಿಸಬೇಕಾಗಿಲ್ಲ. ಮುಂದಿನ ವರ್ಷ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಅದಕ್ಕೆ ಮುಂಚಿನ ಆ ತಿಂಗಳುಗಳಲ್ಲಿ ಬಿಡಿಭಾಗ ಮಾಡುವ ಸಣ್ಣಪುಟ್ಟ ಕಂಪನಿಗಳ ಉಸಿರೇ ನಿಂತಂತಿತ್ತು. ನಾನು ಅಂಥದೊಂದರಲ್ಲಿದ್ದೆ. ನನ್ನ ತಂಡದಲ್ಲಿ ಹನ್ನೊಂದು ಜನರಿದ್ದರು. ಅಕ್ಟೋಬರ್ ಹೊತ್ತಿಗೆ ಆರು ಜನ ಉಳಿದೆವು. ಕೆಲಸ ಮಾತ್ರ ಹನ್ನೊಂದು ಜನರದ್ದೇ ಉಳಿಯಿತು.

ಆ ಆರರಲ್ಲಿ ಹಾಸನದ ಕಡೆಯ ಒಬ್ಬ ಹುಡುಗನಿದ್ದ. ಬುದ್ಧಿವಂತ, ನಗುಮುಖ, ಯಾವ ಕೆಲಸ ಕೊಟ್ಟರೂ ‘ಆಯ್ತು ಸಾರ್’ ಎನ್ನುವವನು. ಎಚ್-1 ವೀಸಾದಲ್ಲಿದ್ದ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಅರವತ್ತು ದಿನಗಳ ಅವಕಾಶ ಎಂಬುದು ಬಂದದ್ದು 2017ರಲ್ಲಿ. ಆಗ ಅದೂ ಇರಲಿಲ್ಲ. ಅವನ ‘ಆಯ್ತು ಸಾರ್’ನಲ್ಲಿ ಉತ್ಸಾಹ ಎಷ್ಟು, ಭಯ ಎಷ್ಟು ಎಂದು ನಾನು ಕೇಳಿಕೊಳ್ಳಲಿಲ್ಲ. ಕನ್ನಡದ ಹುಡುಗ, ನಮ್ಮವನು ಎಂಬ ಸಲಿಗೆಯಲ್ಲಿ ಬೇರೆಯವರಿಗೆ ಹೇಳಲಾರದ ಕೆಲಸವನ್ನೂ ಅವನಿಗೇ ಹೇಳಿದೆ. ಸಲಿಗೆಯಿದ್ದವರ ಮೇಲೆಯೇ ಹೆಚ್ಚು ಭಾರ ಹೊರಿಸುವುದು ನಮ್ಮವರೆಲ್ಲರ ಅಭ್ಯಾಸ.

ಸೆಪ್ಟೆಂಬರಿನಲ್ಲಿ ಅವನು ತಮಾಷೆ ಮಾಡುವುದನ್ನು ಬಿಟ್ಟ. ಅಕ್ಟೋಬರಿನಲ್ಲಿ ಮಧ್ಯಾಹ್ನ ನಮ್ಮ ಜೊತೆ ಕೂರದೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕುಳಿತು ಊಟ ಮಾಡತೊಡಗಿದ. ಎಂದೂ ತಪ್ಪದ ಲೆಕ್ಕಗಳು ತಪ್ಪತೊಡಗಿದವು. ಮೂರೂ ಲಕ್ಷಣಗಳು ಕಣ್ಣ ಮುಂದೆಯೇ ಇದ್ದವು. ‘ಯಾಕೋ ಹುಡುಗನಿಗೆ ಗಮನ ಕಡಿಮೆಯಾಗಿದೆ’ ಎಂದುಕೊಂಡೆ, ಅಷ್ಟೇ. ನವೆಂಬರ್ ಮಧ್ಯದ ಒಂದು ಸಂಜೆ ಆನ್ ಆರ್ಬರ್ ಕಡೆಯಿಂದ ಕ್ಯಾಂಟನ್ನಿನ ತನ್ನ ಮನೆಗೆ ಎಂ-14 ರಸ್ತೆಯಲ್ಲಿ ಹೋಗುತ್ತಿದ್ದಾಗ ಸ್ಟಿಯರಿಂಗ್ ಮೇಲೆಯೇ ನಿದ್ದೆ ಹೋದ. ಕಾರು ರಸ್ತೆ ಬಿಟ್ಟು ಹುಲ್ಲಿನ ಹಳ್ಳಕ್ಕೆ ಇಳಿಯಿತು. ದೇವರ ದಯೆ, ಹೆಗಲ ಮೂಳೆ ಮುರಿದದ್ದು ಬಿಟ್ಟರೆ ಹೆಚ್ಚಿನ ಅನಾಹುತವಾಗಲಿಲ್ಲ. ನಾನು ಆಸ್ಪತ್ರೆಗೆ ಓಡಿದೆ. ನನ್ನನ್ನು ಕಂಡೊಡನೆ ಅವನು ಹೇಳಿದ ಮೊದಲ ಮಾತು: ‘ಸಾರ್, ನಾಳೆ ಬೆಳಿಗ್ಗೆ ಕೊಡಬೇಕಾದ ರಿಪೋರ್ಟು ಮುಗಿದಿಲ್ಲ, ಕ್ಷಮಿಸಿ.’

ಆ ರಾತ್ರಿ ಮನೆಗೆ ಬಂದು ಅವನಿಗೆ ನಾನು ಕಳಿಸಿದ್ದ ಈಮೇಲುಗಳನ್ನು ತೆಗೆದು ನೋಡಿದೆ. ಹಿಂದಿನ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಬರೆದಿದ್ದೆ: ‘ಆತುರವೇನಿಲ್ಲ, ಆದರೆ ಬೆಳಿಗ್ಗೆ ಎಂಟರ ಒಳಗೆ ಸಿಕ್ಕರೆ ಒಳ್ಳೆಯದು.’ ಆ ವಾಕ್ಯವನ್ನು ಇವತ್ತಿಗೂ ಮರೆತಿಲ್ಲ. ಅವನು ಗುಣವಾಗಿ ಕೆಲಸಕ್ಕೆ ಮರಳಿದ. ಈಗ ಬೇರೊಂದು ರಾಜ್ಯದಲ್ಲಿ ತಾನೇ ತಂಡ ನಡೆಸುತ್ತಿದ್ದಾನೆ. ಇದನ್ನು ಹೇಳಲು ಅವನ ಒಪ್ಪಿಗೆ ಪಡೆದೇ ಬಂದಿದ್ದೇನೆ. ‘ಹೇಳಿ ಸಾರ್, ಆದರೆ ನಾನು ಗೊರಕೆ ಹೊಡೆದೆ ಅಂತ ಮಾತ್ರ ಹೇಳಬೇಡಿ’ ಎಂದ. ತಮಾಷೆ ಮತ್ತೆ ಬಂದಿದೆ, ನನಗೆ ಅದೇ ಸಂತೋಷ.

ಆಮೇಲೆ ನಾನು ಓದತೊಡಗಿದೆ. ಓದಿದಂತೆ ತಿಳಿದದ್ದೇನೆಂದರೆ, ದುಡಿಯುವವರ ದಣಿವಿನ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಊರುಗಳಲ್ಲಿ ನಾವು ಬದುಕುತ್ತಿರುವ ಈ ಎರಡೂ ಸೇರಿವೆ. ಬೆಂಗಳೂರಿನಲ್ಲಿ ಮೇ ಒಂದಕ್ಕೆ ರಜೆ ಕೊಡುತ್ತಾರೆ. ಆ ದಿನಕ್ಕೆ ಕಾರಣ ಶಿಕಾಗೊ. ದಿನಕ್ಕೆ ಎಂಟೇ ಗಂಟೆ ಕೆಲಸ ಬೇಕೆಂದು 1886ರ ಮೇ ತಿಂಗಳಲ್ಲಿ ಇಲ್ಲಿ ನಡೆದ ಚಳವಳಿ ಮತ್ತು ಹೇಮಾರ್ಕೆಟ್ಟಿನ ದುರಂತದ ನೆನಪಿಗೆ ಅದು ಬಂದದ್ದು. ವಿಚಿತ್ರವೆಂದರೆ ಇಲ್ಲಿ ಅಂದು ರಜೆಯಿಲ್ಲ!

ಡೆಟ್ರಾಯಿಟಿನ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣೆ ಸಾಲನ್ನು ತಂದಾಗ ಕಾರುಗಳು ವೇಗವಾಗಿ ಬಂದವು, ಜನ ಅಷ್ಟೇ ವೇಗವಾಗಿ ಹೊರಟುಹೋದರು. ಸುಮಾರು ಹದಿನಾಲ್ಕು ಸಾವಿರ ಜನರ ಕಾರ್ಖಾನೆಯನ್ನು ತುಂಬಿಸಿಡಲು ಆ ವರ್ಷ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಇಷ್ಟು ಜನರಿಗೂ ಮನೋಬಲ ಕಡಿಮೆಯಿತ್ತೇ? ಇಲ್ಲ, ಆ ಕೆಲಸವೇ ಮನುಷ್ಯ ತಾಳಲಾರದಂಥದಾಗಿತ್ತು. 1914ರ ಜನವರಿಯಲ್ಲಿ ಫೋರ್ಡ್ ಕಂಪನಿ ದಿನಕ್ಕೆ ಐದು ಡಾಲರ್ ಕೂಲಿ ಸಾರಿ, ಒಂಬತ್ತು ಗಂಟೆಯ ದಿನವನ್ನು ಎಂಟಕ್ಕೆ ಇಳಿಸಿತು. ಆ ಐದು ಡಾಲರಿಗೆ ನೂರೆಂಟು ಷರತ್ತುಗಳಿದ್ದವು, ಕಾರ್ಮಿಕರ ಮನೆಗೆ ಹೋಗಿ ನಡತೆ ವಿಚಾರಿಸುವವರೂ ಇದ್ದರು. ಆದರೂ ಬಿಟ್ಟುಹೋಗುವವರ ಸಂಖ್ಯೆ ಬಹಳ ಇಳಿಯಿತು. 1926ರಲ್ಲಿ ವಾರಕ್ಕೆ ಐದು ದಿನದ ಕೆಲಸವೂ ಅಲ್ಲಿ ಬಂತು. ನಮಗೆ ಶನಿವಾರ ಕೂಟದ ಕಾರ್ಯಕ್ರಮ ಇಟ್ಟುಕೊಳ್ಳಲು ಆಗುತ್ತಿರುವುದರ ಹಿಂದೆ ಇಂಥ ಇತಿಹಾಸ ಇದೆ.

ಶಿಕಾಗೊಗೆ ಅಂಟಿಕೊಂಡ ಸಿಸೆರೊದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ಟೆಲಿಫೋನ್ ಸಾಮಗ್ರಿ ಮಾಡುತ್ತಿದ್ದ ಆ ಕಾರ್ಖಾನೆ 1983ರಲ್ಲಿ ಮುಚ್ಚಿತು. ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ ಎಂದು 1924ರಿಂದ ಅಲ್ಲಿ ಪರೀಕ್ಷೆ ನಡೆಸಿದರು. ಬೆಳಕು ಹೆಚ್ಚಿಸಿದಾಗ ಕೆಲಸ ಹೆಚ್ಚಿತು, ತಗ್ಗಿಸಿದಾಗಲೂ ಹೆಚ್ಚಿದಂತೆ ಕಂಡಿತು! ತಲೆ ಕೆರೆದುಕೊಂಡ ಎಂಜಿನಿಯರುಗಳು 1927ರಲ್ಲಿ ರಿಲೇ ಜೋಡಿಸುವ ಕೆಲವು ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಮಧ್ಯೆ ಮಧ್ಯೆ ಐದು ನಿಮಿಷ, ಹತ್ತು ನಿಮಿಷ ಬಿಡುವು, ಬೆಳಿಗ್ಗೆ ತಿಂಡಿ, ಬೇಗ ಮನೆಗೆ ಹೋಗುವುದು, ಹೀಗೆ ಒಂದೊಂದೇ ಬದಲಾವಣೆ ಮಾಡಿ ನೋಡಿದರು. ಕೆಲಸ ಏರುತ್ತಲೇ ಹೋಯಿತು. ಅದಕ್ಕೆ ಕಾರಣ ಬಿಡುವೋ, ಕೂಲಿಯ ಲೆಕ್ಕ ಬದಲಾದದ್ದೋ, ಅವರನ್ನು ಗಮನಿಸುತ್ತಿದ್ದದ್ದೋ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಅದರಲ್ಲಿ ನಾನು ತಲೆಹಾಕುವುದಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಅದೇ ಕಾರ್ಖಾನೆ ಆಮೇಲೆ ಮಾಡಿದ ಇನ್ನೊಂದು ಕೆಲಸ. ಸುಮಾರು ಇಪ್ಪತ್ತು ಸಾವಿರ ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಅವರ ಕಷ್ಟಸುಖ ಕೇಳಿದರು. ಮೊದಲು ಪ್ರಶ್ನೆಗಳ ಪಟ್ಟಿ ಹಿಡಿದು ಹೋದವರು, ಜನ ಪಟ್ಟಿಯಲ್ಲಿಲ್ಲದ್ದನ್ನೇ ಹೇಳಬಯಸುತ್ತಾರೆಂದು ಕಂಡು, ಪಟ್ಟಿಯನ್ನು ಬಿಟ್ಟು ಸುಮ್ಮನೆ ಕೇಳಿಸಿಕೊಳ್ಳತೊಡಗಿದರು. ನನ್ನ ಪಕ್ಕದಲ್ಲೇ ಕುಳಿತಿದ್ದ ಆರು ಜನರನ್ನು ನಾನು ಹಾಗೆ ಕೇಳಿರಲಿಲ್ಲ.

ನಮ್ಮ ಹಿರಿಯರಿಗೂ ಇದು ಹೊಸದೇನಲ್ಲ. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಸುಸ್ತಾಗಿದೆಯೇ ಎಂದು ಕೇಳಿ ಕೊಡುವ ರಜೆ ಅದಲ್ಲ, ಸುಸ್ತಾಗುವ ಮುಂಚೆಯೇ ಕೊಡುವ ರಜೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಪದ್ಧತಿಯಿತ್ತು. ಇಂದು ನೀವು ನಮ್ಮ ಗದ್ದೆಗೆ ಬನ್ನಿ, ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ. ಎಲ್ಲರ ಪೈರೂ ಒಂದೇ ಕಾಲಕ್ಕೆ ಬರುವಾಗ ಒಬ್ಬೊಬ್ಬರೇ ಹೆಣಗಿದರೆ ಯಾರ ಕೊಯ್ಲೂ ಆಗದು ಎಂದು ಬಲ್ಲವರು ಕಂಡುಕೊಂಡ ಏರ್ಪಾಡು ಅದು. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ ಎಂದು ತಿರುಗಿ ಕಳಿಸಿದ ಮಹಾತಾಯಿ ಆಕೆ. ಕಾಯಕದ ಬಗ್ಗೆ ಮಾತನಾಡುವಾಗ ‘ಇಷ್ಟು ಸಾಕು’ ಎಂದು ಹೇಳಿದವಳನ್ನೂ ನಾವು ನೆನೆಯಬೇಕು.

ಇನ್ನು ಮುಂದಿನ ವರ್ಷದಿಂದ ನನ್ನ ತಂಡದಲ್ಲಿ ಏನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ಇದರಲ್ಲಿ ಪವಾಡವೇನೂ ಇಲ್ಲ. ನೀವು ಮ್ಯಾನೇಜರ್ ಆಗಿರಲಿ, ಆಗದಿರಲಿ, ಕೆಲವನ್ನಾದರೂ ಮಾಡಬಹುದು.

ಮೊದಲನೆಯದು, ಬಿಡುವ ಕೆಲಸಗಳ ಪಟ್ಟಿ. ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ಕುಳಿತು ಡಿಸೆಂಬರ್ 31ರವರೆಗಿನ ಕೆಲಸಗಳನ್ನು ಗೋಡೆಯ ಮೇಲೆ ಬರೆದೆವು. ಯಾವುದನ್ನು ಬಿಡಬಹುದು, ಯಾವುದನ್ನು ಫೆಬ್ರವರಿಗೆ ನೂಕಬಹುದು ಎಂದು ಗುರುತು ಹಾಕಿ, ನಾನು ನನ್ನ ಬಾಸ್ ಬಳಿ ಹೋದೆ. ಎಲ್ಲವನ್ನೂ ಅವರು ಒಪ್ಪಲಿಲ್ಲ, ಹತ್ತರಲ್ಲಿ ಮೂರಕ್ಕೆ ಒಪ್ಪಿದರು. ಆ ಮೂರೇ ನಮ್ಮನ್ನು ಉಳಿಸಿದವು. ‘ಆಗುವುದಿಲ್ಲ’ ಎಂದು ಹೇಳುವುದು ತಂಡದ ಮುಖಂಡನ ಕೆಲಸ. ವೀಸಾದ ಮೇಲಿರುವ ಕಿರಿಯ ಹುಡುಗನಿಂದ ಆ ಮಾತನ್ನು ನಿರೀಕ್ಷಿಸಬಾರದು.

ಎರಡನೆಯದು, ಮುಯ್ಯಿ. ಯಾರಿಗೆ ಯಾವ ಹಬ್ಬ ಮುಖ್ಯವೋ ಅದನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆದೆವು. ದೀಪಾವಳಿಯ ದಿನ ನಮ್ಮ ಕೆಲಸವನ್ನು ಅಮೆರಿಕನ್ ಗೆಳೆಯರು ನೋಡಿಕೊಂಡರು, ಕ್ರಿಸ್ಮಸ್ ವಾರ ಅವರದ್ದನ್ನು ನಾವು ನೋಡಿಕೊಂಡೆವು. ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುವವನಿಗೂ ಅವನ ನಾಲ್ಕು ದಿನ ಸಿಕ್ಕಿತು. ಮಿಷಿಗನ್ನಿನಲ್ಲಿ ಅದೂ ಒಂದು ಹಬ್ಬವೇ. ಇದು ನಡೆಯಬೇಕಾದರೆ ಪ್ರತಿಯೊಂದು ಕೆಲಸವೂ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಒಬ್ಬನಿಗೇ ಗೊತ್ತಿರುವ ಕೆಲಸ ಅವನಿಗೆ ಹೆಮ್ಮೆ ತರುತ್ತದೆ ನಿಜ, ಆದರೆ ಅವನು ಜ್ವರ ಬಂದರೂ ಮಲಗುವ ಹಾಗಿಲ್ಲ.

ಮೂರನೆಯದು, ಬೆಳಕು. ಮಧ್ಯಾಹ್ನದ ಅರ್ಧ ಗಂಟೆಯ ಮೇಲೆ ಯಾರೂ ಮೀಟಿಂಗ್ ಇಡಬಾರದೆಂದು ಗೊತ್ತು ಮಾಡಿದೆವು. ಇಬ್ಬರೇ ಮಾತನಾಡುವುದಿದ್ದರೆ ಹೊರಗೆ ನಡೆಯುತ್ತಾ ಮಾತು. ಮೋಡ ಕವಿದ ದಿನವೂ ಹೊರಗಿನ ಬೆಳಕು ಆಫೀಸಿನ ಟ್ಯೂಬ್‌ಲೈಟಿಗಿಂತ ಬಹುಪಾಲು ಹೆಚ್ಚಿರುತ್ತದೆ. ಋತುಮಾನದ ಖಿನ್ನತೆ ಇರುವವರಿಗೆ ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ಬೆಳಕಿನ ಪೆಟ್ಟಿಗೆಯ ಮುಂದೆ ಕೂರುವುದನ್ನು ವೈದ್ಯರು ಸೂಚಿಸುತ್ತಾರೆ. ಕಣ್ಣಿನ ತೊಂದರೆಯೋ ಬೈಪೋಲಾರ್ ಸಮಸ್ಯೆಯೋ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ನಾಲ್ಕನೆಯದು, ಗಡಿಯಾರ. ನಮ್ಮಲ್ಲಿ ಬಹಳ ಜನ ಬೆಂಗಳೂರಿನ ತಂಡದೊಡನೆ ಕೆಲಸ ಮಾಡುತ್ತೇವೆ. ಇಲ್ಲಿ ಬೇಸಿಗೆಯ ಕಾಲಮಾನದಲ್ಲಿ ಬೆಳಿಗ್ಗೆ ಏಳೂವರೆ ಎಂದರೆ ಅಲ್ಲಿ ಸಂಜೆ ಆರು. ನವೆಂಬರಿನಲ್ಲಿ ಶಿಕಾಗೊದ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದೇ ಏಳೂವರೆ ಅಲ್ಲಿ ರಾತ್ರಿ ಏಳು. ನಾವು ಏನೂ ಬದಲಿಸಲಿಲ್ಲ ಎಂದುಕೊಳ್ಳುತ್ತೇವೆ, ಅಲ್ಲಿ ಒಬ್ಬ ತಾಯಿ ಮಗುವಿನ ಊಟದ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಆ ಕಡೆ ಇರುವವರೂ ನಮ್ಮವರೇ. ನಾವು ಒಂದು ವಾರ ಅವರ ಅನುಕೂಲಕ್ಕೆ, ಒಂದು ವಾರ ನಮ್ಮ ಅನುಕೂಲಕ್ಕೆ ಎಂದು ಸರದಿ ಹಾಕಿಕೊಂಡೆವು. ಹಾಗೆಯೇ, ಸಂಜೆ ಏಳರ ನಂತರ ನಾನು ಬರೆದ ಈಮೇಲು ಮಾರನೆಯ ಬೆಳಿಗ್ಗೆಯೇ ಹೋಗುವಂತೆ ಮಾಡಿಟ್ಟೆ. ‘ಆತುರವೇನಿಲ್ಲ’ ಎಂದು ಮಧ್ಯರಾತ್ರಿ ಬರೆಯುವ ಬಾಸನ್ನು ಯಾರೂ ನಂಬುವುದಿಲ್ಲ.

ಐದನೆಯದು, ಕೇಳುವುದು. ‘ಹೇಗಿದ್ದೀಯಾ’ ಎಂದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಬಾಯಿಪಾಠವಾಗಿರುತ್ತದೆ. ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಕುಳಿತು, ‘ಈ ವಾರ ಯಾವ ಕೆಲಸ ಭಾರವಾಯಿತು? ಅದರಲ್ಲಿ ಯಾವುದನ್ನು ನಾನು ತೆಗೆದುಕೊಳ್ಳಲಿ?’ ಎಂದು ಕೇಳತೊಡಗಿದೆ. ಮೊದಲ ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಒಮ್ಮೆ ಒಬ್ಬಾಕೆ ಹೇಳಿದ ಒಂದು ಸಣ್ಣ ಕೆಲಸವನ್ನು ನಾನು ನಿಜವಾಗಿಯೂ ತೆಗೆದುಕೊಂಡ ಮೇಲೆ ಉಳಿದವರೂ ಬಾಯಿ ಬಿಟ್ಟರು.

ಸೋತದ್ದನ್ನೂ ಹೇಳಬೇಕು. ಒತ್ತಡ ನಿವಾರಣೆಯ ಬಗ್ಗೆ ಊಟದ ಹೊತ್ತಿನಲ್ಲಿ ಒಂದು ಉಪನ್ಯಾಸ ಇಡಿಸಿದೆ. ಜನ ಇದ್ದ ಬಿಡುವನ್ನೂ ಕಳೆದುಕೊಂಡು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಕೇಳಿದರು. ಪ್ರತಿ ಶುಕ್ರವಾರ ಪಾಟ್‌ಲಕ್ ಊಟ ಎಂದು ಶುರು ಮಾಡಿದೆ. ಅದನ್ನು ಏರ್ಪಡಿಸುವವಳಿಗೆ ಅದೇ ಒಂದು ಹೊರೆಯಾಯಿತು. ಮೇಲೆ ಏನನ್ನಾದರೂ ಸೇರಿಸಿ ದಣಿವು ಕಳೆಯಲಾಗದು, ಹೊರೆಯಿಂದ ಏನನ್ನಾದರೂ ಇಳಿಸಬೇಕು ಎಂದು ಆಗ ಅರ್ಥವಾಯಿತು.

ಇಷ್ಟಾಗಿಯೂ ಕೆಲವರಿಗೆ ತಂಡದ ನೆರವು ಸಾಲದೆ ಹೋಗಬಹುದು. ಅಂಥವರು ಸಂಕೋಚಪಡಬಾರದು. ಬಹಳಷ್ಟು ಕಂಪನಿಗಳಲ್ಲಿ ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ ಎಂಬ ಗುಟ್ಟಾದ ಸಲಹಾ ಸೇವೆ ಉಚಿತವಾಗಿರುತ್ತದೆ. ಐವತ್ತು ಅಥವಾ ಹೆಚ್ಚು ಜನರಿರುವ ಕಂಪನಿಯಲ್ಲಿ ಒಂದು ವರ್ಷ ಸೇವೆ ಮತ್ತು ಆ ವರ್ಷದಲ್ಲಿ 1,250 ಗಂಟೆ ಕೆಲಸ ಮಾಡಿದ್ದರೆ, ಗಂಭೀರ ಅನಾರೋಗ್ಯಕ್ಕೆ ಹನ್ನೆರಡು ವಾರಗಳವರೆಗೆ ಸಂಬಳವಿಲ್ಲದ, ಆದರೆ ಕೆಲಸ ಕಳೆದುಕೊಳ್ಳದ ರಜೆಯನ್ನು 1993ರ ಕಾನೂನು ಸಾಮಾನ್ಯವಾಗಿ ಒದಗಿಸುತ್ತದೆ. ಮನಸ್ಸಿನ ಅನಾರೋಗ್ಯವೂ ಅದರಲ್ಲಿ ಸೇರುತ್ತದೆ. ಬದುಕೇ ಬೇಡವೆನಿಸಿದರೆ ಹಗಲಾಗಲಿ ರಾತ್ರಿಯಾಗಲಿ 988ಕ್ಕೆ ಫೋನ್ ಮಾಡಬಹುದು. ‘ನಾಲ್ಕು ಜನ ಏನಂದಾರು’ ಎಂಬ ಚಿಂತೆ ಸಮುದ್ರ ದಾಟಿಯೂ ನಮ್ಮ ಜೊತೆ ಬಂದಿದೆ. ಆ ನಾಲ್ಕು ಜನ ನಾವೇ ಅಲ್ಲವೇ? ನಾವು ಏನೂ ಅನ್ನದಿದ್ದರಾಯಿತು.

ಕೊನೆಯದಾಗಿ ಎರಡು ತಂಡಗಳ ಬಗ್ಗೆ. ಒಂದು, ನಮ್ಮ ಕನ್ನಡ ಕೂಟ. 2002ರಲ್ಲಿ ಡೆಟ್ರಾಯಿಟಿನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳು ನಡೆದವು. ಅಂಥ ದೊಡ್ಡ ಹಬ್ಬಗಳನ್ನು ಸಂಬಳವಿಲ್ಲದೆ ಹೊತ್ತವರು ಈ ಸಭೆಯಲ್ಲೇ ಕುಳಿತಿದ್ದೀರಿ. ಪ್ರತಿ ಫಾಲಿನಲ್ಲೂ ಅದೇ ಕೈಗಳು ಕುರ್ಚಿ ಜೋಡಿಸುತ್ತವೆ, ಅದೇ ಕೈಗಳು ಬಿಸಿಬೇಳೆ ಬಾತು ಬಡಿಸುತ್ತವೆ, ಮಕ್ಕಳ ನೃತ್ಯಕ್ಕೆ ಬಟ್ಟೆ ಹೊಲಿಯುತ್ತವೆ, ಎಲ್ಲರೂ ಹೋದ ಮೇಲೆ ನೆಲ ಗುಡಿಸುತ್ತವೆ. ಅವರಲ್ಲಿ ಯಾರಾದರೂ ಒಂದು ವರ್ಷ ಕಾಣದಿದ್ದರೆ ‘ಅವರಿಗೆ ಈಗ ಆಸಕ್ತಿಯಿಲ್ಲ’ ಎನ್ನುತ್ತೇವೆ. ಅವರ ಎಣ್ಣೆ ತೀರಿತ್ತೇ ಎಂದು ಕೇಳುವುದಿಲ್ಲ. ಇಂದು ಊಟಕ್ಕೆ ಮಾತ್ರ ಬಂದಿರುವವರು, ನಾನೂ ಸೇರಿದಂತೆ, ಹೋಗುವ ಮುಂಚೆ ಹತ್ತು ಹತ್ತು ಕುರ್ಚಿ ಮಡಿಸಿಟ್ಟು ಹೋದರೆ ಈ ಭಾಷಣ ಸಾರ್ಥಕ.

ಇನ್ನೊಂದು ತಂಡ ಮನೆ. ಈ ಭಾಷಣವನ್ನು ಮೊನ್ನೆ ಹೆಂಡತಿಯ ಮುಂದೆ ಓದಿ ತೋರಿಸಿದೆ. ಆಕೆಯೂ ಹೊರಗೆ ದುಡಿಯುವವಳೇ. ಮೌನವಾಗಿ ಕೇಳಿ, ‘ಎಲ್ಲ ಚೆನ್ನಾಗಿದೆ. ಎಲ್ಲ ಕೆಲಸವೂ ಇಬ್ಬರಿಗೆ ಗೊತ್ತಿರಬೇಕು ಅಂದ್ರಲ್ಲ, ನಮ್ಮನೇಲಿ ಹೂರಣ ರುಬ್ಬೋದು ಎಷ್ಟು ಜನಕ್ಕೆ ಗೊತ್ತು?’ ಎಂದಳು. ಉತ್ತರ ಕೊಡಲಾಗಲಿಲ್ಲ. ಹಾಗಾಗಿ ಈ ಸಲ ದೀಪಾವಳಿಗೆ ಹೂರಣ ನನ್ನದು. ಮುಂದಿನ ವರ್ಷ ಆಯುಧಪೂಜೆಯ ದಿನ ಲ್ಯಾಪ್‌ಟಾಪನ್ನು ಮಾರನೆಯ ಬೆಳಿಗ್ಗೆಯವರೆಗೆ ಮುಟ್ಟುವುದಿಲ್ಲ. ಅಜ್ಜಿ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಂಡಂತೆ, ನನ್ನ ತಂಡಕ್ಕೆ ಈಗಲೇ ಹೇಳಿಟ್ಟಿದ್ದೇನೆ.

 ಕೂಟಕ್ಕೆ ಹುಟ್ಟುಹಬ್ಬದ ಶುಭಾಶಯಗಳು.

ಸಿರಿಗನ್ನಡಂ ಗೆಲ್ಗೆ.